ಬಾಲ ಎಳೆದ ಚುಕ್ಕಿ

ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಅಕ್ಕೋರಿಗೆ ಎಡಗಣ್ಣಿನ ಹುಬ್ಬು ಇರಲಿಲ್ಲ. ಎಂದೋ ಲ್ಯಾಬಿನಲ್ಲಿ ಟಾಲ್ಯುಯೀನ್ ಎಂಬ ದ್ರಾವಕ ಹೊತ್ತಿಕೊಂಡಾಗ ಸುಟ್ಟದ್ದು ಮತ್ತೆ ಬೆಳೆಯಲೇ ಇಲ್ಲ. ಕಾಡಿಗೆಯಿಂದ ಗೆರೆ ಎಳೆದುಕೊಂಡು ಬರುತ್ತಿದ್ದರು. ಸೊಲ್ಲಾಪುರದ ಸೆಕೆಗೆ ಮಧ್ಯಾಹ್ನದೊಳಗೆ ಅದು ಕೆನ್ನೆಗಿಳಿದಿರುತ್ತಿತ್ತು. ನಗುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಕಾಲೇಜಿನ ಲ್ಯಾಬಿನಲ್ಲಿ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಗಾಜಿನ ಹಲಗೆಗೆ ಸಿಲಿಕಾ ಪುಡಿ ಬಳಿದು, ಅದರ ಮೇಲೆ ದ್ರಾವಕ ಏರಿಸಿ, ಬೆರೆತ ವಸ್ತುಗಳನ್ನು ಬೇರೆ ಬೇರೆ ಚುಕ್ಕಿಗಳಾಗಿ ಬಿಡಿಸುವ ಕೆಲಸ. ಕೆಲವನ್ನು ಸಿಲಿಕಾ ಹಿಡಿದು ಬಿಡುತ್ತಲೇ ಇರಲಿಲ್ಲ. "ಇದರ ಮೈತುಂಬ ಕೈ ಅದಾವೋ. ಮೊದಲ ಆ ಕೈ ಕಟ್ಟಬೇಕು," ಎನ್ನುತ್ತಿದ್ದರು. ಸಿಲೇನ್ ಎಂಬ ರಾಸಾಯನಿಕದಿಂದ ಪುಡಿಯ ಮೈಯನ್ನೇ ಬದಲಿಸುವುದು ಅವರ ಹಟ.

ಆ ಬೇಸಿಗೆ ಅಕ್ಕಲಕೋಟೆಯಲ್ಲಿ ನನ್ನ ತಂಗಿಯ ಗಂಡನ ಮನೆಯವರೆಲ್ಲ ಊಟ ಮಾಡಿದ ಮೇಲೆ ಬಾಯಿ ಒಣಗಿ, ಕಣ್ಣುಪಾಪೆ ಹಿಗ್ಗಿ, ಬಡಬಡಿಸತೊಡಗಿದರು. ಅವಳ ಅತ್ತೆ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಬಿದ್ದರು. ದತ್ತೂರಿಯ ವಿಷ ಎಂದರು ಡಾಕ್ಟರು. ಸೋಮವಾರದ ಉಪವಾಸವಿದ್ದ ತಂಗಿಗೆ ಮಾತ್ರ ಏನೂ ಆಗಿರಲಿಲ್ಲ. ಊಟಕ್ಕೆ ಶೇಂಗಾ ಚಟ್ನಿ ಕುಟ್ಟಿದವಳೂ ಅವಳೇ; ಅನುಮಾನವೂ ಅವಳ ಮೇಲೇ ಬಿತ್ತು. ಪೊಲೀಸರ ಬಳಿ ಹೋಗುವ ಮೊದಲು ಪರೀಕ್ಷೆಯಾಗಲಿ ಎಂದು ಕೈಮುಗಿದು, ಚೇತರಿಸಿಕೊಂಡಿದ್ದ ಅವಳ ಮಾವನನ್ನು ಉಳಿದ ಚಟ್ನಿಯ ಸಮೇತ ಲ್ಯಾಬಿಗೆ ಕರೆತಂದೆ. ಅವರು ಕಿರಾಣಿ ವ್ಯಾಪಾರಿ.

"ಚಟ್ನಿಗೆ ಖಾರಪುಡಿ ಎಲ್ಲೀದು?" ಎಂದು ಕೇಳಿದರು ಅಕ್ಕೋರು.

"ನಮ್ಮ ದುಕಾನದ್ದರಿ."

"ಅದೇ ಮಾಲಿನ ಸೀಲ್ ಒಡೀದ ಡಬ್ಬಿನೂ ತರ್ರಿ." ನನ್ನತ್ತ ತಿರುಗಿದರು. "ನೀ ಯಾವುದಕ್ಕೂ ಕೈ ಹಚ್ಚಬ್ಯಾಡ."

ಬರೀ ಸಿಲಿಕಾದ ಮೇಲೆ ಚುಕ್ಕಿಗಳು ಬಾಲ ಎಳೆದು ಕಲಸಿಹೋದವು.

"ವಿಷ ಐತೋ ಇಲ್ಲೋ?" ಮಾವ ಗದರಿದರು.

"ಬಾಲ ನೋಡಿ ಹಾವು ಅನ್ನಾಕ ಬರೂದಿಲ್ಲರಿ."

ತಂಗಿ ಪಾರಾಗಲಿ, ಸೀಲ್ ಡಬ್ಬಿಯಲ್ಲೂ ವಿಷ ಇದೆ ಎಂದುಬಿಡಿ ಎಂದು ನಾನು ಗುಟ್ಟಾಗಿ ಅಂಗಲಾಚಿದೆ. ಅವರು ಸಿಲಿಕಾ ಒಣಗಿಸಲು ಇಟ್ಟರು.

ಸಿಲೇನ್ ಹಾಕಿ ಕುದಿಸಿದ ಮೊದಲ ಪುಡಿ ನೀರಿಗೆ ಉದುರಿಸಿದರೆ ಮುಳುಗಿತು. ಮೈ ಬದಲಾಗಿದ್ದರೆ ತೇಲಬೇಕಿತ್ತು. ಮಾವ ಪೊಲೀಸರ ಬಳಿ ಹೊರಡಲು ಚಪ್ಪಲಿ ಮೆಟ್ಟಿದರು.

"ನಾಳಿತನಕ ತಡೀರಿ. ನಿಮ್ಮ ಸೊಸಿ ಎಲ್ಲೂ ಓಡಿ ಹೋಗೂದಿಲ್ಲ," ಎಂದರು ಅಕ್ಕೋರು.

ಮರುದಿನದ ಪುಡಿ ತೇಲಿತು. ಆಸಿಡ್ ಹೊಗೆಗೆ ಕೆಮ್ಮುತ್ತಲೇ ಅದನ್ನು ತೊಳೆದು, ಒಣಗಿಸಿ, ಹಲಗೆಗೆ ಬಳಿದರು. ಕೊನೆಗೆ ಬಣ್ಣದ ದ್ರಾವಣ ಸಿಂಪಡಿಸಿದಾಗ ಮೂರು ಕಿತ್ತಳೆ ಚುಕ್ಕಿಗಳು ದುಂಡಗೆ, ಒಂದೇ ಎತ್ತರದಲ್ಲಿ ಎದ್ದವು. ಒಂದು, ಹೋಲಿಕೆಗೆಂದು ಇಟ್ಟ ದತ್ತೂರಿಯ ಶುದ್ಧ ವಿಷ. ಇನ್ನೊಂದು ಚಟ್ನಿ. ಮೂರನೆಯದು ಸೀಲ್ ಡಬ್ಬಿ. ಮೆಣಸಿನಕಾಯಿ ಬೀಜದಂತೆಯೇ ಕಾಣುವ ದತ್ತೂರಿ ಬೀಜ, ಡಬ್ಬಿ ತುಂಬುವ ಮೊದಲೇ, ಖಾರಪುಡಿ ಕುಟ್ಟುವಲ್ಲಿಯೇ ಸೇರಿತ್ತು.

ತಂಗಿಯದು ತಪ್ಪಿಲ್ಲ ಎಂದು ನಾನು ಕೂಗಿಯೇಬಿಟ್ಟೆ. ಅಕ್ಕೋರು ಮಾತ್ರ ಮಾವನನ್ನೇ ನೋಡುತ್ತಿದ್ದರು. "ಈ ಡಬ್ಬಿ ಮತ್ತ ಯಾರ್ಯಾರಿಗೆ ಮಾರೀರಿ?"

ಮಾವ ಓಡಿ ಬಸ್ಸು ಹಿಡಿದರು. ವಾಗದರಿ ಊರಿನವರೆಗೂ ಮನೆಮನೆ ಅಲೆದು ಡಬ್ಬಿಗಳನ್ನು ವಾಪಸು ತಂದರು. ಅತ್ತೆಯೂ ಉಳಿದರು.

ತಂಗಿ ಬಂದು ಕಾಲಿಗೆ ಬಿದ್ದಾಗ ಅಕ್ಕೋರು ಹಿಂದೆ ಸರಿದರು. "ಸೀಲ್ ಡಬ್ಬಿ ಸ್ವಚ್ಛ ಇದ್ದಿದ್ರ ಅದನ್ನೂ ಹಂಗ ಹೇಳ್ತಿದ್ದೆ, ತಿಳೀತಾ?"

"ಗೊತ್ತದರಿ. ಅದಕ್ಕ ಬಂದೀನಿ," ಎಂದಳು ತಂಗಿ.

ಎಷ್ಟೋ ವರ್ಷಗಳ ಮೇಲೆ ಅಕ್ಕೋರು ತೀರಿಕೊಂಡ ಸುದ್ದಿ ತಿಳಿದು ಅವರ ಮನೆಗೆ ಹೋದಾಗ ತಂಗಿ ನನಗಿಂತ ಮೊದಲೇ ಬಂದು, ಬಂದವರಿಗೆಲ್ಲ ನೀರು ಕೊಡುತ್ತಿದ್ದಳು. "ನೀ ಯಾರವ್ವಾ?" ಎಂದು ಮುದುಕಿಯೊಬ್ಬಳು ಕೇಳಿದಳು.

"ಮಗಳರಿ," ಎಂದಳು.