ಅನುಮಾನದ ಮೇಷ್ಟ್ರು
ತತ್ವಶಾಸ್ತ್ರದ ಮೇಷ್ಟ್ರಿಗೆ ಅನುಮಾನವೇ ಕಸುಬು. ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುತ್ತಾರೆ, ಹಾಲು ಹಾಲೇ ಹೌದೋ ಎಂದು ಮೂಸುತ್ತಾರೆ. ಕ್ಷೌರದಂಗಡಿಯಲ್ಲಿ ಕತ್ತರಿಯ ಕೆಳಗೆ ಕೂತರೂ ಪಾಠ ನಿಲ್ಲದು: "ಈ ಕನ್ನಡಿ, ನೀನು, ನನ್ನ ತಲೆ, ಎಲ್ಲಾ ಕನಸಿರಬಹುದಪ್ಪ. ಆದ್ರೆ ಅನುಮಾನ ಪಡೋಕೆ ಒಬ್ಬ ಇರಲೇಬೇಕಲ್ಲ? ಯೋಚಿಸ್ತೀನಿ, ಅದಕ್ಕೇ ಇದ್ದೀನಿ!" ಮನೆಯಲ್ಲಿ ಇದನ್ನೇ ಹೇಳಿದರೆ ಹೆಂಡತಿ, "ಇದ್ದೀರಲ್ಲ, ಹಾಗಾದ್ರೆ ಕಸ ಹಾಕಿ ಬನ್ನಿ," ಎನ್ನುತ್ತಾರೆ. ಹೋದ ವರ್ಷ ಮೇಷ್ಟ್ರಿಗೆ ಹೃದಯದ ಆಪರೇಷನ್ ಆಯಿತು. ಅರಿವಳಿಕೆ ಕೊಟ್ಟ ಮೇಲೆ ಯೋಚನೆ ಪೂರ್ತಿ ನಿಂತೇಹೋಗಿತ್ತು. ಕಣ್ಣು ಬಿಟ್ಟಾಗ ಹೆಂಡತಿ ಅವರ ತಣ್ಣನೆಯ ಪಾದ ಉಜ್ಜುತ್ತಾ ಕೂತಿದ್ದರು. "ಅಷ್ಟು ಹೊತ್ತು ನಾನು ಎಲ್ಲಿದ್ದೆ?" ಎಂದರು ಮೇಷ್ಟ್ರು. "ಎಲ್ಲಿಗೆ ಹೋಗ್ತೀರ? ಬಾಗಿಲಲ್ಲೇ ನಾನು ಕಾಯ್ತಿದ್ನಲ್ಲ ರೀ." ಮೇಷ್ಟ್ರು ಆ ಮಾತಿಗೆ ಸಾಕ್ಷಿ ಕೇಳಲಿಲ್ಲ, ಆಕೆಯ ಕೈಯನ್ನು ಎಳೆದುಕೊಂಡು ಕಣ್ಣಿಗೊತ್ತಿಕೊಂಡರು.