ಟೈಲರ್ ಎಳೆದ ಗೆರೆ

ಟೈಲರ್ ಮಾಮನ ವಿಷಯ ಬಂದರೆ ಅಕ್ಕಪಕ್ಕದವರು ಹೇಳುತ್ತಿದ್ದದ್ದು ಒಂದೇ ಮಾತು: "ಶಾಸಕರ ಸೊಂಟ ಎಷ್ಟು ಬೆಳೀತು ಅಂತ ಮಾಮನ್ನ ಕೇಳಿ. ಊರು ಎಷ್ಟು ಬೆಳೀತು ಅಂತ ಮಾತ್ರ ಕೇಳ್ಬೇಡಿ, ಅಷ್ಟು ಸಣ್ಣದನ್ನ ಅಳೆಯೋ ಟೇಪು ಪಾಪ ಅವನ ಹತ್ರ ಇಲ್ಲ."

ಮಾತು ಸುಳ್ಳಲ್ಲ ನೋಡಿ. ಆ ಕ್ಷೇತ್ರದಿಂದ ಗೆದ್ದು ಹೋದವರೆಲ್ಲ ಬಟ್ಟೆ ಹೊಲಿಸಿದ್ದು ಅವನ ಕೈಯಲ್ಲೇ. ಮೊದಲನೆಯವರು ಮೇಷ್ಟರು, ಹಳೇ ಅಂಗಿಯ ಕಾಲರನ್ನೇ ತಿರುಗಿಸಿ ಹೊಲಿಸಿಕೊಂಡು ವಿಧಾನಸಭೆಗೆ ಹೋದರು. ಆಮೇಲೆ ಬಂದವಳು ನರ್ಸಮ್ಮ. ಜನರ ಅರ್ಜಿ ಹಿಡಿಸಬೇಕು, ಕೋಟಿನ ಜೇಬು ದೊಡ್ಡದಿರಲಿ ಎಂದಳು. ಮೂರನೆಯವನು ಮರದ ವ್ಯಾಪಾರಿ. ಅವನು ಗೆದ್ದದ್ದು ಕೂದಲೆಳೆಯ ಅಂತರದಲ್ಲಿ, ಹಾಗಾಗಿ ಗೆದ್ದ ದಿನದಿಂದಲೇ ಮುಂದಿನ ಸಲದ ಭಯ.

ಅಷ್ಟರಲ್ಲಿ ಕ್ಷೇತ್ರದ ಗಡಿಯನ್ನು ಹೊಸದಾಗಿ ಗುರುತಿಸುವ ಕಾಲ ಬಂತು. ಸಲಹೆ ಕೊಡುವ ಸಮಿತಿಯಲ್ಲಿ ಈ ವ್ಯಾಪಾರಿಯೂ ಇದ್ದ. ಒಂದು ಮಧ್ಯಾಹ್ನ ಕೋಟು ಹಾಕಿ ನೋಡಲು ಬಂದವನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿದ.

"ಇಲ್ಲಿಯ ಜನರ ನಾಡಿ ನಿನಗೆ ಗೊತ್ತು. ನನಗೆ ಎಲ್ಲಿ ಬಿಗಿ, ಎಲ್ಲಿ ಸಡಿಲ, ನೋಡಿ ಹೇಳು."

ಟೈಲರ್ ಉಬ್ಬಿಹೋದ. ಇಷ್ಟು ವರ್ಷ ದೊಡ್ಡವರ ತೋಳು ಎತ್ತಿಸಿ ಇಳಿಸಿದವನು ಅವನು. ಒಬ್ಬರಾದರೂ ಅವನನ್ನು ಒಂದು ಮಾತು ಕೇಳಿರಲಿಲ್ಲ. ನಕ್ಷೆಯನ್ನೂ ಬಟ್ಟೆಯೆಂದೇ ತಿಳಿದವನ ಹಾಗೆ ಬಳಪ ತೆಗೆದುಕೊಂಡ. ತನ್ನ ಮನೆಯ ಬೆನ್ನಿಗಿದ್ದ ಓಣಿಯ ಸುತ್ತ ಗೆರೆ ಎಳೆದ.

"ಇದು ನಿಮ್ಮ ಮೈಗೆ ಕೂರಲ್ಲ ಸಾರ್. ಇವರು ಇವತ್ತಿಗೂ ನರ್ಸಮ್ಮನ ಕಡೆ. ಬಿಟ್ಟುಬಿಡಿ."

ಆ ಓಣಿಯಲ್ಲಿ ಅವನ ಒಡಹುಟ್ಟಿದ ಅಕ್ಕನ ಮನೆಯಿತ್ತು.

ಬಿಟ್ಟೇ ಬಿಟ್ಟರು. ಹಿಂದಿನ ಓಣಿ ಹೊಳೆಯಾಚೆಯ ಕ್ಷೇತ್ರಕ್ಕೆ ಸೇರಿತು. ಅಲ್ಲಿಯ ಶಾಸಕ ಈ ಓಣಿಯನ್ನು ಕಂಡವನೇ ಅಲ್ಲ. ಹಾಕುತ್ತಾ ಬಂದಿದ್ದ ನೀರಿನ ಪೈಪು ಓಣಿಯ ಬಾಯಿಗೆ ಬಂದು ನಿಂತಿತು. ಈ ಕಡೆ ಕೇಳಿದರೆ ಆ ಕಡೆ ಹೋಗಿ ಅಂದರು. ಆ ಕಡೆಯವರು ಈ ಕಡೆಗೆ ಕೈ ತೋರಿಸಿದರು.

ಅಕ್ಕ ದಿನಾ ಬಿಂದಿಗೆ ಹಿಡಿದು ತಮ್ಮನ ಅಂಗಳದ ನಲ್ಲಿಗೆ ಬರತೊಡಗಿದಳು. "ನೀನೊಬ್ಬ ಇದೀಯಲ್ಲಪ್ಪ, ನಾವು ಬದುಕಿಕೊಂಡ್ವಿ" ಎನ್ನುತ್ತಿದ್ದಳು. ಆ ಮಾತು ಕಿವಿಗೆ ಬೀಳದಿರಲೆಂದು ಅವನು ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದ. ಎರಡು ಚುನಾವಣೆ ಹೀಗೇ ಕಳೆದವು. ಎರಡರಲ್ಲೂ ವ್ಯಾಪಾರಿ ಸಲೀಸಾಗಿ ಗೆದ್ದ, ಎರಡು ಸಲವೂ ಹೊಸ ಕೋಟು ಹೊಲಿಸಿದ.

ಕೊನೆಗೆ ಓಣಿಯವರೆಲ್ಲ ಸೇರಿ ದೂರು ಕೊಡಲು ಹೊರಟರು. ಅಕ್ಕ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟು ಬಾಗಿಲಿಗೆ ಬಂದಳು.

"ನೀನೂ ಬರ್ಬೇಕು ಕಣೋ. ದೊಡ್ಡೋರು ನಿನ್ನ ಮಾತು ಕೇಳ್ತಾರೆ. ನಮ್ಮನ್ನ ಯಾಕೆ ಹೊರಗೆ ಹಾಕಿದ್ರು ಅಂತ ಒಂದು ಸಲ ಕೇಳಿಬಿಡು."

ಯಂತ್ರದ ಮೇಲಿದ್ದ ಕಾಲು ನಿಂತಿತು. "ಅವರನ್ನ ಕೇಳೋದು ಬೇಡ ಅಕ್ಕ. ಹೇಳಿಕೊಟ್ಟವನು ನಾನೇ."

ಅಕ್ಕ ನಕ್ಕಳು. "ಹೌದೌದು, ನೀನು ಬಾಯಿ ಬಿಟ್ರೆ ಸರ್ಕಾರ ಅಲ್ಲಾಡುತ್ತೆ." ಅವನ ಮುಖ ನೋಡಿದ ಮೇಲೆ ಅವಳ ನಗು ಇಳಿಯಿತು.

"ನಾನು ಅಲ್ಲೇ ಇರೋದು ಅಂತ ನೆನಪಿತ್ತಾ ನಿಂಗೆ?"

"ಇತ್ತು."

"ಇದ್ದೂ?"

"ನನ್ನನ್ನೂ ಕೇಳಿದ್ರಲ್ಲ ಅಂತ ಖುಷಿಯಾಗಿತ್ತು."

ಬಿಂದಿಗೆ ತುಂಬಿ ಚೆಲ್ಲುತ್ತಿತ್ತು. ಮನೆಯಲ್ಲಿ ಸೊಸೆ ನೀರಿಗಾಗಿ ಕಾಯುತ್ತಿದ್ದಳು. ಅಕ್ಕ ನಲ್ಲಿ ತಿರುಗಿಸಿ, ಆ ನೀರನ್ನು ಎತ್ತಿಕೊಂಡೇ ಹೋದಳು. ಮರುದಿನದಿಂದ ಬರಲಿಲ್ಲ. ಮಾರುಕಟ್ಟೆಯ ಹಿಂದಿನ ಕೈಪಂಪಿಗೆ ನಡೆದು ಹೋಗುತ್ತಾಳೆಂದು ಯಾರೋ ಹೇಳಿದರು. ಟೈಲರ್ ತಾನೇ ಬಿಂದಿಗೆ ತುಂಬಿಸಿ ಓಣಿಯ ಬಾಯಲ್ಲಿ ಇಟ್ಟುಬರುತ್ತಿದ್ದ. ಸಂಜೆಗೆ ಅದು ಇಟ್ಟಲ್ಲೇ ಇರುತ್ತಿತ್ತು, ನೀರಿನ ಮೇಲೆ ಧೂಳು ಕೂತು.

ಬೇರೆ ಊರಿನಲ್ಲಿದ್ದ ಮಗಳು ಕರೆಯುತ್ತಲೇ ಇದ್ದಳು. ಒಂದು ದಿನ ಅವನು ಯಂತ್ರವನ್ನು ಕೈಗಾಡಿಗೆ ಕಟ್ಟಿಸಿ, ಮನೆಗೆ ಬೀಗ ಹಾಕಿ ಹೊರಟ. ಬಸ್ಸಿಗೆ ಮುಂದಿನ ರಸ್ತೆಯೇ ಹತ್ತಿರ. "ಮಾಮ, ಈ ಕಡೆ" ಎಂದು ಗಾಡಿಯವನು ಕೂಗಿದರೂ ಕೇಳದೆ ಹಿಂದಿನ ಓಣಿಗೆ ತಿರುಗಿದ. ಹಗಲು ಹೊತ್ತು, ಎಲ್ಲ ಮನೆಯ ಬಾಗಿಲೂ ತೆರೆದಿತ್ತು. ಯಾರೂ ಬೈಯಲಿಲ್ಲ, ಬೈದಿದ್ದರೆ ಹೆಜ್ಜೆ ಹಗುರಾಗುತ್ತಿತ್ತು. ಅಕ್ಕ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಕಾಳು ಆರಿಸುತ್ತಿದ್ದಳು. ಗಾಡಿ ಹತ್ತಿರ ಬಂದಾಗ ತಲೆ ಎತ್ತಲಿಲ್ಲ. ದಾರಿಯಾಗಲೆಂದು ಕಾಲು ಮಡಚಿಕೊಂಡಳು.