ಅಮಾಸಿಗೊಂದು ಎಳಿ ನೂಲು

ನನ್ನ ತಲಿ ಏಳು ಸಲ ಬೋಳಿಸ್ಯಾರ. ಕೂಸಿದ್ದಾಗ ತೆಗೆಸಿದ ಜವಳ ಬಿಟ್ಟು ಏಳು. ಪ್ರತಿ ಸಲಾನೂ ಬ್ಯಾಸಗಿ ಸೂಟ್ಯಾಗ, ಹಿತ್ತಲದ ಅರಿಬಿ ಒಗಿಯೂ ಕಲ್ಲಿನ ಮ್ಯಾಲ ಕುಂಡ್ರಿಸಿ. ಅವ್ವನ ವಿಚಾರ ಸರಳ ಇತ್ತು. ಬೋಳಿಸಿದ್ರ ಮುಂದ ಬರೂ ಕೂದಲ ದಪ್ಪ ಬರ್ತಾವ, ನೆಟ್ಟಗ ಬರ್ತಾವ, ಉದ್ದ ಬೆಳೀತಾವ. ಏಳು ಸಲಾನೂ ತಿರುಗಿ ಬಂದದ್ದು ಅವೇ ಕೂದಲ. ಎಳಿ ನೋಡಿದ್ರ ಜೇಡರ ಬಲಿಯಷ್ಟು ಸಣ್ಣ, ಪೆನ್ನಿನೊಳಗಿನ ಸ್ಪ್ರಿಂಗಿನಂಗ ಬಿಗಿ ಸುತ್ತು. ಕಿವಿ ದಾಟಿ ಕೆಳಗ ಇಳೀಲೇ ಇಲ್ಲ. ದೊಡ್ಡಾಕಿ ಆದ ಮ್ಯಾಲ ನಾನ ಕತ್ತರಿ ಹಿಡದು ಗಿಡ್ಡ ಮಾಡ್ಕೊಂಡೆ. ಬೆಳಿಯಲಾರದ್ದರ ಸೇವಾ ಯಾಕ ಮಾಡೂದು ಅಂತ.

ನಾವು ಸಿದ್ದಿ ಮಂದಿ. ಕಲಘಟಗಿ ಬಾಜುಕ, ಅಡವಿ ಸುರು ಆಗೂವಲ್ಲಿ ನಮ್ಮೂರು. ಅಜ್ಜ ಮುತ್ತಜ್ಜನ ಕಾಲದಿಂದ ಇಲ್ಲೇ ಭತ್ತ ಹಚ್ಚಿ, ಕಬ್ಬು ಕಡದು ಬಾಳೇವು ಮಾಡಿದವ್ರು. ಆದ್ರ ಹುಬ್ಬಳ್ಳಿ ಬಸ್ಸಿನ್ಯಾಗ ಇವತ್ತಿಗೂ ಬಾಜು ಕುಂತವ್ರು ಕೇಳ್ತಾರ, "ಯಾವ ದೇಶದವ್ರಿ ನೀವು?" "ಕಲಘಟಗಿ ದೇಶದವ್ರಿ" ಅಂತೀನಿ. ಒಮ್ಮೆ ಒಬ್ಬಾಕಿ ಹೇಳದ ಕೇಳದ ನನ್ನ ತಲಿಗೆ ಕೈ ಹಾಕಿ ಒತ್ತಿ ನೋಡಿದಳು, ಸಂತ್ಯಾಗ ಬದನಿಕಾಯಿ ಒತ್ತಿ ನೋಡಿದಂಗ. ನಾನೂ ಆಕಿ ಹೆರಳು ಹಿಡದು ಒಂದು ಸಲ ಜಗ್ಗಿದೆ. ಆಕಿ ಎದ್ದು ಮುಂದಿನ ಸೀಟಿಗೆ ಹೋದಳು. ನನಗ ಸಿಟ್ಟು ಲಗೂನ ಬರ್ತೈತಿ, ಅದನ್ನ ಮೊದಲ ಹೇಳಿಬಿಡ್ತೀನಿ.

ಈಗ ನಾನು ನವಲಗುಂದದಾಗ ಸರ್ಕಾರಿ ನರ್ಸು. ನಮ್ಮ ಮನಿಯವ್ರು ಬಸ್ ಕಂಡಕ್ಟರ್, ವಾರದಾಗ ಮೂರು ನಾಕು ದಿನ ರೂಟಿನ ಮ್ಯಾಲ ಇರ್ತಾರ. ಒಬ್ಬಾಕಿ ಮಗಳು, ಒಂಬತ್ತು ವರ್ಷದಾಕಿ. ನನ್ನ ಕೂದಲಾನ ಆಕಿಗೆ ಬಂದಾವ, ನನ್ನವಕ್ಕಿಂತ ಇನ್ನೂ ಸಣ್ಣ, ಇನ್ನೂ ಬಿಗಿ. ಅವ್ವ ಆಕಿ ತಲಿನೂ ಮೂರು ಸಲ ಬೋಳಿಸಿದ್ದಳು. ನಾನ ಕೈ ಹಿಡದು ಕರಕೊಂಡು ಹೋಗಿ ಆ ಕಲ್ಲಿನ ಮ್ಯಾಲ ಕುಂಡ್ರಿಸಿದ್ದೆ, ಸುಳ್ಳ್ಯಾಕ ಹೇಳ್ಲಿ.

ಮಗಳ ಸಾಲ್ಯಾಗ ಪ್ರತಿ ವರ್ಷ ಗ್ಯಾದರಿಂಗ್ ಆಗ್ತೈತಿ. ಹೆಣ್ಣುಹುಡುಗ್ಯಾರು ಇಳಕಲ್ ಸೀರಿ ಉಟ್ಟು, ಹೆರಳಿಗೆ ಅಬ್ಬಲಿಗಿ ಹೂವು ಮುಡಕೊಂಡು ಕುಣೀತಾರ. ನನ್ನ ಮಗಳು ಮೂರು ವರ್ಷದಿಂದ ಆ ಕುಣಿತದಾಗ ಗಂಡಸು. ಧೋತರ, ರುಮಾಲು, ಕಾಡಿಗಿಲೆ ಬರದ ಮೀಸಿ. ಕುಣಿತ ಕಲಸೂ ಅಕ್ಕಾರು, ಸಾಲಿ ಟೀಚರು, ಕೆಟ್ಟವ್ರೇನಲ್ಲ. "ಇಕಿ ತಲ್ಯಾಗ ಹೂವು ನಿಲ್ಲಂಗಿಲ್ಲಲ್ರಿ. ರುಮಾಲು ಅಗದಿ ಒಪ್ತೈತಿ" ಅಂದ್ರು. ಮೊದಲನೇ ವರ್ಷ ಮಗಳಿಗೆ ಮೀಸಿದ ಖುಷಿ. ಎರಡನೇ ವರ್ಷ ಸುಮ್ಮನಿದ್ದಳು. ಮೂರನೇ ವರ್ಷ ಕುಣಿದು ಕೆಳಗ ಇಳದಾಕಿ, ರುಮಾಲು ಬಿಚ್ಚಿ ನನ್ನ ಉಡ್ಯಾಗ ಒಗದಳು.

"ಬರೂ ವರ್ಷ ನನ್ನ ತಲ್ಯಾಗ ಹೂವು ಇರಬೇಕು. ಇಲ್ಲಾಂದ್ರ ನಾ ಕುಣಿಯಂಗಿಲ್ಲ."

ಆ ಮಾತು ನನಗ ಭಾಳ ನಟ್ಟಿತು. ಯಾಕಂದ್ರ ಆ ವಯಸ್ಸಿನ್ಯಾಗ ಅದ ಮಾತು ನಾನೂ ಆಡಬೇಕಂತಿದ್ದೆ, ಆಡಿರಲಿಲ್ಲ.

ಬ್ಯಾಸಗಿಗೆ ಊರಿಗೆ ಹೋದ್ವಿ. ಅವ್ವ ಆಗಲೇ ಕಲ್ಲು ತೊಳದಿಟ್ಟಿದ್ದಳು. ಮಗಳು ಅದನ್ನ ನೋಡಿದಾಕಿನ ಬಚ್ಚಲಕ್ಕ ಹೋಗಿ ಒಳಗಿಂದ ಚಿಲಕ ಹಾಕ್ಕೊಂಡಳು.

"ಹುಚ್ಚಿ, ಹೂವಿನ ಸಲುವಾಗೇ ಬೋಳಸೂದು. ಹೊರಗ ಬಾ" ಅಂತ ಅವ್ವ ಬಾಗಲಾ ಬಡದಳು.

"ಬರಂಗಿಲ್ಲ ಹೋಗ ಆಯಿ!"

ಅವ್ವ ನನ್ನ ಕಡೆ ನೋಡಿದಳು. ನಾನು, "ಈ ಸಲ ಬಿಡವ್ವ. ಬರೂ ಬ್ಯಾಸಗಿ ತನಕ ನೋಡೂಣು. ಆಗೂ ಹಿಂಗ ಇದ್ರ ನಾನ ಹಿಡದು ಕುಂಡ್ರಸ್ತೀನಿ" ಅಂದೆ. ಬಚ್ಚಲದ ಒಳಗಿಂದ ಮಗಳು "ಹೂಂ" ಅಂದಳು. ಮಾತು ಕೊಟ್ಟೆನೇನೋ ಖರೆ, ಆದ್ರ ಕೂದಲ ಹೆಂಗ ಬೆಳಸೂದು ಅನ್ನೂದು ನನಗೂ ಗೊತ್ತಿರಲಿಲ್ಲ.

ಅದನ್ನ ಕಲಿಸಿದಾಕಿ ನಮ್ಮ ಓಣ್ಯಾಗ ಜಮಖಾನ ನೇಯೂ ಮುದುಕಿ. ಓಣಿಗೆಲ್ಲಾ ಆಕಿ ಖಾಲಾ, ಅಂದ್ರ ಚಿಗವ್ವ. ಅರವತ್ತು ದಾಟ್ಯಾವ, ಬಿ.ಪಿ. ಐತಿ. ಗುಳಿಗಿ ಕೊಡಾಕ ನಾನು ಹೋಗ್ತಿದ್ದೆ. ಸಾಲಿ ಸುರು ಆದ ಹೊಸತರಾಗ ಒಂದು ರವಿವಾರ ಮಗಳೂ ಸಂಗಾಟ ಬಂದಳು. ಖಾಲಾ ಮಗ್ಗದ ಮುಂದ ಕುಂತು, ಸಿಕ್ಕಾದ ಕೆಂಪು ನೂಲಿನ ಲಡಿ ಬಿಡಿಸಾಕತ್ತಿದ್ದಳು. ಮಗಳು "ನಾ ಬಿಡಸ್ತೀನಿ" ಅಂತ ಕಸಗೊಂಡು ಜಗ್ಗಿದಳು. ನೂಲು ಪಟ್ನ ಹರೀತು.

ಖಾಲಾ ಬೈಲಿಲ್ಲ. ಬಟ್ಟಲದಾಗಿನ ನೀರು ಚಿಮುಕಿಸಿ ಲಡಿ ಹಸಿ ಮಾಡಿದಳು. ಮ್ಯಾಲ ಒಂದು ಮುಷ್ಟಿಲೆ ಹಿಡದು, ಕೆಳಗಿನ ತುದಿಯಿಂದ ಬೆರಳಿಲೆ ಒಂದೊಂದ ಎಳಿ ಬಿಡಿಸ್ಕೋತ ಮ್ಯಾಲ ಬಂದಳು. "ಸಣ್ಣ ನೂಲು ಬೇಟಿ. ಒಣಾ ಇದ್ದಾಗ ಜಗ್ಗಿದ್ರ ಹರೀತೈತಿ. ಮ್ಯಾಲಿಂದ ಬಂದ್ರ ಗಂಟು ಬಿಗೀತಾವ. ತುದಿಯಿಂದ ಬರಬೇಕು." ಹಂಗ ಅನ್ಕೋತ ಮಗಳ ತಲಿ ಮ್ಯಾಲ ಕೈ ಇಟ್ಟು, ಒಂದು ಸುರುಳಿ ಹಿಡದು ಬೆಳಕಿಗೆ ನೋಡಿದಳು. "ನರ್ಸಬಾಯಿ, ಇದೂ ಸಣ್ಣ ನೂಲ ಐತಲ್ಲ. ತುದಿ ಎಲ್ಲಾ ಹರದಾವ ನೋಡ್ರಿ. ಒಣಾ ತಲಿ ಬಾಚತೀರೇನು?"

ನನಗ ಸಿಟ್ಟು ಬಂತು. "ದಿನಾ ಎಣ್ಣಿ ಹಚ್ಚಿ, ಸಣ್ಣ ಹಲ್ಲಿನ ಹಣಿಗಿಲೆ ಅರ್ಧಾ ತಾಸು ಬಾಚ್ತೀನಿ ಖಾಲಾ. ಏನ್ ಮಾಡಿದ್ರೂ ಅಷ್ಟ. ನಮ್ಮ ಮಂದಿ ಕೂದಲ ಬೆಳೆಂಗಿಲ್ಲ."

"ಬೆಳೆಂಗಿಲ್ಲ?" ಖಾಲಾ ಲಡಿ ಕೆಳಗ ಇಟ್ಟಳು. "ಮತ್ತ ಬೋಳಿಸಿದ ಮ್ಯಾಲ ಎಲ್ಲಿಂದ ಬಂದ್ವು?"

ಊರಾಗಿನ ಕೂಸುಗೋಳನ್ನೆಲ್ಲಾ ತಿಂಗಳಾ ತಕ್ಕಡ್ಯಾಗ ಇಟ್ಟು ತೂಕ ಬರಿಯೂ ನರ್ಸು ನಾನು. ಕೂಸು ಬೆಳದಿಲ್ಲಂದ್ರ ಏನ್ ಉಣಸ್ತೀರಿ, ಹೆಂಗ ಉಣಸ್ತೀರಿ ಅಂತ ತಾಯಿನ ಹತ್ತು ಸಲ ಕೇಳ್ತೀನಿ. ನನ್ನ ತಲಿ ಬಗ್ಗೆ, ನನ್ನ ಮಗಳ ತಲಿ ಬಗ್ಗೆ ಮೂವತ್ತಾರು ವರ್ಷದಾಗ ಒಂದು ಪ್ರಶ್ನಿನೂ ಕೇಳಿರಲಿಲ್ಲ. ಕೂದಲ ಬೆಳೀತಿದ್ವು. ನಾವ ಹರೀತಿದ್ವಿ.

ಖಾಲಾ ಇನ್ನೊಂದು ಹೇಳಿದಳು. "ಸುತ್ಕೊಂಡು ಕುಂತ ನೂಲು ಎಷ್ಟೈತಿ ಅಂತ ಕಣ್ಣಿಗೆ ತಿಳೆಂಗಿಲ್ಲ. ಅಳೀಬೇಕು." ಮಗಳ ಒಂದು ಸುರುಳಿಗೆ ನೀರು ಹಚ್ಚಿ ಮೆಲ್ಲಕ ನೀಡಿ, ಅದರ ಅಳತಿಗೆ ಕೆಂಪು ನೂಲು ಕತ್ತರಿಸಿ, ಒಂದು ಗಂಟು ಹಾಕಿ ಕೈಯಾಗ ಕೊಟ್ಟಳು. ನನ್ನ ಅಂಗೈಯಷ್ಟು ಉದ್ದ ಬಂತು. ಕಿವಿ ಮ್ಯಾಲ ಕುಂತ ಕೂದಲ ಅಷ್ಟು ಉದ್ದ ಇದ್ದದ್ದು ನೋಡಿ ಮಗಳು ನಕ್ಕಳು. "ಪ್ರತಿ ಚಾಂದಕ್ಕ ಒಂದು ಎಳಿ ತಗೀರಿ" ಅಂತ ಕೆಂಪು ನೂಲಿನ ಒಂದು ಉಂಡಿನೂ ಕೊಟ್ಟಳು ಖಾಲಾ. ನಮ್ಮ ಕಡೆ ಅದು ಅಮಾಸಿ ಆತು. ಮೊದಲನೇದು ಮಣ್ಣೆತ್ತಿನ ಅಮಾಸಿ ಎಳಿ.

ಮನಿಗೆ ಬಂದು ಸಣ್ಣ ಹಣಿಗಿ ಕಟ್ಟಿಗಿ ಒಲಿಗೆ ಹಾಕಿದೆ. ಪ್ಲಾಸ್ಟಿಕ್ಕು, ಓಣಿ ತುಂಬ ನಾತ ಹೊಡೀತು. ರವಿವಾರಕ್ಕೊಮ್ಮೆ ತಲಿ ತೊಳದು, ಹಸಿ ಇದ್ದಾಗನ ನಾಕು ಭಾಗ ಮಾಡಿ, ತುದಿಯಿಂದ ಬೆರಳಿಲೆ ಬಿಡಿಸಿ, ದೊಡ್ಡ ಹಲ್ಲಿನ ಹಣಿಗಿ ಆಡಿಸಿ, ಮ್ಯಾಲ ಎಣ್ಣಿ ಸವರಿ, ಸಡಲಾಗಿ ಹೆಣದು ವಾರ ಪೂರ್ತಿ ಬಿಟ್ಟಬಿಡೂದು. ತಲಿದಿಂಬಿಗೆ ನನ್ನ ಲಗ್ನದ ರೇಷ್ಮಿ ಸೀರಿ ಹರದು ಗವಸು ಹೊಲದೆ. ಹತ್ತಿ ಅರಿಬಿ ಗವಸು ಎಣ್ಣಿ ಎಲ್ಲಾ ಕುಡೀತಿತ್ತು.

ಫೋನಿನ್ಯಾಗ ಹುಡುಕಿದೆ. ನಮ್ಮಂಥಾ ಕೂದಲಿನ ಹೆಣ್ಣುಮಕ್ಕಳು, ಯಾವ ದೇಶದವ್ರೋ, ಯಾವ ಭಾಷೆಯೋ, ಸೊಂಟದ ತನಕ ಹೆರಳು ಬಿಟ್ಟು ನಗಾಕತ್ತಿದ್ರು. ನಾನು ಒಲಿ ಮುಂದ ನಿಂತು ಅತ್ತೆ. ಎಂಥಾ ಅಳು ಅಂತೀರಿ, ರೊಟ್ಟಿ ಕರಕಾತು. ಅವರಾಗ ಒಬ್ಬಾಕಿ ಏನೋ ಕಾಳು ಕುದಿಸಿ ಲೋಳಿ ತಗದು ತಲಿಗೆ ಹಚ್ಚಾಕತ್ತಿದ್ದಳು. ಕಾಳು ಸಮೀಪ ತೋರಿಸಿದಾಗ ನೋಡ್ತೀನಿ, ನಮ್ಮ ಅಗಸಿ! ರೊಟ್ಟಿ ಸಂಗಾಟ ಹಿಂಡಿ ಕುಟ್ಟಿ ತಿನ್ನೂ ಅಗಸಿ. ಡಬ್ಬಿ ತುಂಬ ಮನ್ಯಾಗ ಇತ್ತು. ಅವತ್ತ ಕುದಿಸಿದೆ. ಬಿಸಿ ಇದ್ದಾಗನ ಅರಿಬ್ಯಾಗ ಸೋಸಬೇಕಂತ ತಿಳೀಲಿಲ್ಲ. ಆರಿ ಗಟ್ಟಿ ಆದದ್ದನ್ನ ಕಾಳು ಸಮೇತ ಬಡದೆ. ಮರುದಿನ ಸಾಲ್ಯಾಗ ಮಗಳ ತಲಿಯಿಂದ ಅಗಸಿ ಉದುರಿ, "ನಿಮ್ಮವ್ವ ನಿನ್ನ ತಲ್ಯಾಗ ಬಿತ್ತಿಗಿ ಮಾಡ್ಯಾಳೇನ?" ಅಂತ ಕಾಡಿಸ್ಯಾರ. ಮಗಳು ಎರಡು ದಿನ ನನ್ನ ಕೂಡ ಮಾತು ಬಿಟ್ಟಳು.

ನಾಗರ ಅಮಾಸಿ ಎಳಿ ಮೊದಲನೇದಕ್ಕಿಂತ ಅರ್ಧ ಬೆರಳು ಉದ್ದ ಬಂತು. ಬೆನಕನ ಅಮಾಸಿದು ಇನ್ನಷ್ಟು. ಮಗಳು ಅವನ್ನ ಖಾಲಿ ಪೌಡರ್ ಡಬ್ಬ್ಯಾಗ ಇಟ್ಟಿದ್ದಳು. ಎಷ್ಟನೇ ತಿಂಗಳೋ ಅಷ್ಟು ಗಂಟು. ದೀವಳಗಿ ಆದ ಮ್ಯಾಲ ಒಂದು ಮುಂಜಾನಿ ನನಗ ಲಸಿಕಿ ಕೆಲಸಕ್ಕ ತಿರ್ಲಾಪುರಕ್ಕ ಹೋಗೂದು ತಡಾ ಆಗಿತ್ತು. ಮಗಳ ಹೆಣಿಕಿ ಬಿಚ್ಚಿ ಸಿಕ್ಕಾಗಿತ್ತು. ಸಿಟ್ಟಿನ್ಯಾಗ ಒಣಾ ಕೂದಲಕ್ಕ ಹಣಿಗಿ ಹಾಕಿ ನೆತ್ತಿಯಿಂದ ಎಳದೆ. ಕಿರ್ ಅಂತ ಸಪ್ಪಳ ಬಂತು. ಹಣಿಗ್ಯಾಗ ಒಂದು ಹಿಡಿ ಕೂದಲ. ಮಗಳು ಅಳಲಿಲ್ಲ. ನೆಲಕ್ಕ ಬಿದ್ದ ಚೂರುಗಳನ್ನ ಒಂದೊಂದ ಆರಿಸಿ ಅಂಗೈಯಾಗ ಇಟಗೊಂಡು, "ಇವು ನಾಗರ ಅಮಾಸಿಯಿಂದ ಬೆಳದಾವು" ಅಂದಳು.

ತಿರ್ಲಾಪುರದ ದಾರಿ ತುಂಬ ಅದನ್ನ ಲೆಕ್ಕ ಹಾಕಿದೆ. ನನ್ನವ್ವರೆ ಗೊತ್ತಿಲ್ಲದ ಬೋಳಿಸಿದಳು. ನಾನು ಗೊತ್ತಿದ್ದು ಹರದೆ. ಸಂಜಿಕೆ ಬಂದು ಮಗಳ ಮುಂದ ಕುಂತು "ತಪ್ಪಾತು ಯವ್ವಾ" ಅಂದೆ. ಆಕಿ, "ಇನ್ನ ಮ್ಯಾಲ ಅವಸರ ಇದ್ದಾಗ ನನ್ನ ತಲಿ ಮುಟ್ಟಬ್ಯಾಡ" ಅಂದಳು. ಆ ಅಮಾಸಿ ಎಳಿ ದೀವಳಗಿ ಎಳಿಯಷ್ಟ ಇತ್ತು, ಕೂದಲೆಳಿ ಮುಂದಕ್ಕ ಹೋಗಿರಲಿಲ್ಲ. ಎಳ್ಳ ಅಮಾಸಿಗೆ ಮತ್ತ ಸರಿದು ಬಂತು.

ಗ್ಯಾದರಿಂಗಿಗೆ ಅವ್ವ ಊರಿಂದ ಬಂದಳು. ಚೀಲದಿಂದ ಮೊದಲ ತಗದದ್ದು ಒಂದು ಚವರಿ. ಹೆರಳಿಗೆ ಸೇರಿಸಾಕ ಅಂಗಡ್ಯಾಗ ಸಿಗೂ ಸುಳ್ಳ ಕೂದಲ, ನೆಟ್ಟಗಿಂದು, ಕರ್ರಗ ಮಿಂಚೂದು. "ನನಗ ಗೊತ್ತಿತ್ತು ಬೆಳೆಂಗಿಲ್ಲಂತ. ಮಗಾ ಹೂವಿಗೆ ಆಸಿ ಮಾಡೈತಿ, ಅದಕ್ಕ ತಂದೆ" ಅಂದಳು. ನನಗ ಬೈಯೂ ಹಂಗೂ ಇಲ್ಲ, ನಗೂ ಹಂಗೂ ಇಲ್ಲ. ಮಗಳು ಚವರಿ ಇಸಗೊಂಡು ಮೂಗಿನ ಕೆಳಗ ಹಿಡದು, "ಆಯಿ, ಮೀಸಿಗೆ ಛಲೋ ಐತಿ" ಅಂದಳು.

ಮರುದಿನ ನಾನು ಮಗಳ ತಲಿ ಹಸಿ ಮಾಡಿ, ಅವಸರ ಮಾಡದ ಹೆಣದೆ. ಗೇಣಿಗಿಂತ ಎರಡು ಬೆರಳು ಉದ್ದದ ಕೂದಲ. ಹೆಣದ ಮ್ಯಾಲ ಒಂದು ಗಿಡ್ಡ ಹೆರಳು, ಕುತ್ತಿಗಿ ದಾಟಿ ಒಂದೀಟು ಕೆಳಗ. ಅದಕ್ಕ ಅಬ್ಬಲಿಗಿ ಮುಡಿಸಿದೆ. ಅವ್ವ ಸಮೀಪ ಬಂದು ಹೆರಳು ಹಿಡದು, ಒಳಗ ಏನರೆ ಕಟ್ಟೇನೇನು ಅಂತ ಬೆರಳಾಡಿಸಿ ನೋಡಿದಳು.

ಸಾಲ್ಯಾಗ ಅಕ್ಕಾರು ರುಮಾಲು ಹಿಡಕೊಂಡ ನಿಂತಿದ್ರು. ಮಗಳು ತಿರುಗಿ ನಿಂತು ಬೆನ್ನ ತೋರಿಸಿದಳು. "ಅಯ್ಯ, ಹುಡುಗ್ಯಾರ ಸಾಲಿನ್ಯಾಗ ಮುಂದ ಬಂದು ನಿಂದ್ರ ಯವ್ವಾ" ಅಂದ್ರು ಅಕ್ಕಾರು. ಕುಣಿತ ಮುಗಿಯೂ ತನಕ ನಾನು ಆಕಿ ಕಾಲು ನೋಡಲಿಲ್ಲ, ಕೈ ನೋಡಲಿಲ್ಲ. ಹೂವನ್ನ ನೋಡ್ಕೋತ ಕುಂತಿದ್ದೆ. ಬೀಳಲಿಲ್ಲ.

ಮುಂಜಾನಿ ಎದ್ದು ಅವ್ವ ಊರಿಗೆ ಹೊಂಟಳು. ಮಗಳು ಡಬ್ಬಿ ತಂದು, ಕೂದಲ ಹಸಿ ಮಾಡಿ ಖಾಲಾನ ನೂಲಿಲೆ ಅಳಿಯೂದನ್ನ ಹೇಳ್ಕೋತ, ಜಮಖಾನದ ಮ್ಯಾಲ ಎಂಟು ಎಳಿ ಸಾಲಾಗಿ ಹಾಸಿದಳು. "ಇದು ಮಣ್ಣೆತ್ತಿನ ಅಮಾಸಿದು ಆಯಿ. ಇದು ನಾಗರ ಅಮಾಸಿದು. ಇಲ್ಲೆ, ದೀವಳಗಿ ಆದ ಮ್ಯಾಲ, ಅವ್ವ ಹರದಳು, ಅದಕ್ಕ ಎರಡೂ ಒಂದ ಅಳತಿ ಅದಾವ. ಇದು ಅವರಾತ್ರಿ ಅಮಾಸಿದು, ಮೊನ್ನಿಂದು."

ಅವ್ವ ಚೀಲ ಕೆಳಗ ಇಟ್ಟು ಕುಂತಳು. ಗಿಡ್ಡ ಎಳಿ ಒಂದು ಕೈಯಾಗ, ಉದ್ದ ಎಳಿ ಒಂದು ಕೈಯಾಗ ಹಿಡದು ನೋಡಿದಳು. ಆಮ್ಯಾಲ ನನ್ನ ತಲಿ ನೋಡಿದಳು.

"ಹಂಗಾರ ನಿಂದೂ ಬೆಳೀತಿತ್ತು" ಅಂದಳು.

ಈ ಮಾತಿಗೆ ಹೇಳಾಕ ನನ್ನ ಹತ್ರ ಎಷ್ಟೋ ವರ್ಷದ ಸಿಟ್ಟು ಕೂಡಿತ್ತು. ಆದ್ರ ಬರೇ "ಬೆಳೀತಿತ್ತವ್ವ" ಅಂದೆ.

"ಏಳು ಸಲ" ಅಂದಳು ಅವ್ವ. ಆಕಿನೂ ಎಣಿಸಿಟ್ಟಾಳಂತ ನನಗ ಗೊತ್ತಿರಲಿಲ್ಲ. "ನಿನ್ನ ತಲ್ಯಾಗೂ ಒಮ್ಮೆ ಹೂವು ನೋಡಬೇಕಂತ ಮಾಡಿದ್ನಿ. ಬ್ಯಾರೆ ಏನಿಲ್ಲ."

"ಗೊತ್ತೈತಿ ಬಿಡವ್ವ."

ಬಸ್ಸಿನ ಹೊತ್ತಾಗಿತ್ತು. ನಾನು ಚೀಲಕ್ಕ ಕೈ ಹಾಕಿದೆ. ಅವ್ವ ಚೀಲ ಬಾಜೂಕ ಸರಿಸಿ, ಖಾಲಾ ಕೊಟ್ಟ ಕೆಂಪು ನೂಲಿನ ಉಂಡಿ ತರಾಕ ಮೊಮ್ಮಗಳಿಗೆ ಹೇಳಿದಳು. "ಮುಂದಿನ ಬಸ್ಸಿಗೆ ಹೋಗ್ತೀನಿ. ತಲಿ ಹಸಿ ಮಾಡ್ಕೊಂಡು ಬಾ" ಅಂದಳು ನನಗ.

ಬಚ್ಚಲಕ್ಕ ಹೋಗಿ ತಲಿ ಮ್ಯಾಲ ಒಂದು ತಂಬಿಗಿ ನೀರು ಸುರುವಿಕೊಂಡು ಬಂದು ಅವ್ವನ ಮುಂದ ಕುಂತೆ. ಆಕಿ ಒಂದು ಸುರುಳಿ ನೀಡಿ, ಅದರ ಅಳತಿಗೆ ನೂಲು ಕತ್ತರಿಸಿದಳು. ನನ್ನ ಎಳಿ ಭಾಳ ಗಿಡ್ಡ, ಮೂರು ಬೆರಳು. ಅವ್ವ ಕಣ್ಣು ಸಣ್ಣ ಮಾಡಿ ಅದಕ್ಕ ಒಂದು ಗಂಟು ಹಾಕಿ, ಡಬ್ಬ್ಯಾಗ ಮಗಳ ಎಳಿಗಳ ಬಾಜು ಇಟ್ಟಳು.